ಎಂಟು ಮಂದಿಯಲ್ಲಿ ಎಂಟನೆಯವಳು

ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳ ಸ್ಕೇಟಿಂಗ್ ಸ್ಪರ್ಧೆಯನ್ನು ನೋಡುವ ಸಂದರ್ಭ ಒದಗಿತು. ಕಾಲಿಗೆ ಚಕ್ರದ ಬೂಟು ಕಟ್ಟಿಕೊಂಡು ಸಿಮೆಂಟಿನ ನೆಲದ ಮೇಲೆ ಓಡುವ ಆಟ. ಅವಳ ಗುಂಪಿನಲ್ಲಿ ಒಂಬತ್ತು ಮಕ್ಕಳಿದ್ದರು. ಇವಳು ಒಂಬತ್ತನೆಯವಳಾಗಿ ಗುರಿ ಮುಟ್ಟಿದಳು. ಮನೆ ಸೇರುವವರೆಗೂ ಕಾರಿನ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಕುಳಿತಿದ್ದವಳು, "ತಾತ, ಇನ್ಮೇಲೆ ನಾನು ಹೋಗಲ್ಲ" ಎಂದಷ್ಟೇ ಹೇಳಿದಳು. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೆ ಆ ಕ್ಷಣದಲ್ಲಿ ಒಂದು ಮಾತೂ ಹೊಳೆಯಲಿಲ್ಲ. ಸೋತ ಮಕ್ಕಳಿಗೆ ಹೇಳಲೆಂದು ಮೇಷ್ಟ್ರುಗಳು ಇಟ್ಟುಕೊಂಡಿರುವ ಮಾತುಗಳು ಎಷ್ಟು ಸವೆದುಹೋಗಿವೆ ಎಂಬುದು ಸ್ವಂತ ಮೊಮ್ಮಗಳ ಮುಂದೆ ಕುಳಿತಾಗ ತಿಳಿಯಿತು.

ರಾತ್ರಿ ಊಟವಾದ ಮೇಲೆ ಅವಳಿಗೆ ಒಂದು ಕಥೆ ಹೇಳಿದೆ. ನಾರ್ವೆ ದೇಶದ ಸೋನ್ಯಾ ಹೆನಿ ಎಂಬ ಹುಡುಗಿಯ ಕಥೆ. ಆದರೆ ಹೇಳಿದ್ದು ಅರ್ಧವನ್ನು ಮಾತ್ರ. ಉಳಿದ ಅರ್ಧ ಮಕ್ಕಳಿಗೆ ಹೇಳುವಂಥದ್ದಲ್ಲ, ದೊಡ್ಡವರು ಕೇಳಬೇಕಾದದ್ದು. ಅದರಲ್ಲಿಯೂ ನಾನು ಕೇಳಬೇಕಾದದ್ದು. ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಆಟದ ಬಗ್ಗೆ ನಾಲ್ಕು ಮಾತು. ಮಂಜುಗಡ್ಡೆಯ ಮೇಲಿನ ಫಿಗರ್ ಸ್ಕೇಟಿಂಗನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿರುವುದು ಟೆಲಿವಿಷನ್ನಿನಲ್ಲಿ ಮಾತ್ರ. ಬೂಟಿನ ಅಡಿಯಲ್ಲಿ ಚಕ್ರವಿಲ್ಲ, ಒಂದು ಉಕ್ಕಿನ ಅಲಗು ಇರುತ್ತದೆ. ಆ ಅಲಗಿನ ತಳವನ್ನು ನಡುವೆ ಸ್ವಲ್ಪ ಕೊರೆದಿರುತ್ತಾರೆ. ಆದುದರಿಂದ ಅದಕ್ಕೆ ಒಳ ಅಂಚು, ಹೊರ ಅಂಚು ಎಂದು ಎರಡು ಅಂಚುಗಳು ಉಂಟಾಗುತ್ತವೆ. ದೇಹವನ್ನು ಯಾವ ಕಡೆ ವಾಲಿಸುತ್ತೇವೆಯೋ ಆ ಕಡೆಯ ಅಂಚು ಮಂಜನ್ನು ಕಚ್ಚಿ, ಅಲಗು ವೃತ್ತಾಕಾರವಾಗಿ ಸಾಗುತ್ತದೆ. ಆ ಕಾಲದಲ್ಲಿ ಸ್ಪರ್ಧೆಗೆ ಎರಡು ಭಾಗಗಳಿದ್ದವು. ಸಂಗೀತದೊಡನೆ ಕುಣಿಯುವ ಭಾಗ ನಂತರದ್ದು. ಮೊದಲನೆಯದು ಕಡ್ಡಾಯ ಆಕೃತಿಗಳ ಭಾಗ. ಒಂದೇ ಕಾಲಿನ ಮೇಲೆ ನಿಂತು, ಮಂಜಿನ ಮೇಲೆ ಎಂಟರ ಅಂಕಿಯಂತಹ ಆಕೃತಿಗಳನ್ನು ಕೊರೆಯಬೇಕು. ಕೊರೆದ ಗೆರೆಯ ಮೇಲೆಯೇ ಮತ್ತೆ ಮತ್ತೆ ಸಾಗಬೇಕು. ನಮ್ಮ ಹೆಣ್ಣುಮಕ್ಕಳು ರಂಗೋಲಿಯ ಎಳೆಯ ಮೇಲೆ ಇನ್ನೊಂದು ಎಳೆಯನ್ನು ತಪ್ಪದಂತೆ ಎಳೆಯುವರಲ್ಲ, ಹಾಗೆ. ಆದರೆ ಕೈಯಿಂದಲ್ಲ, ಕಾಲಿನಿಂದ. ಆಮೇಲೆ ತೀರ್ಪುಗಾರರು ಮಂಜಿನ ಮೇಲೆ ಬಾಗಿ ಆ ಗೆರೆಗಳನ್ನು ಪರೀಕ್ಷಿಸುತ್ತಿದ್ದರು. ಅರ್ಧಕ್ಕಿಂತಲೂ ಹೆಚ್ಚಿನ ಅಂಕಗಳು ಇದಕ್ಕೇ ಮೀಸಲಾಗಿದ್ದವು. 1990ರವರೆಗೂ ವಿಶ್ವ ಸ್ಪರ್ಧೆಯಲ್ಲಿ ಈ ಭಾಗ ಉಳಿದಿತ್ತು.

ಸೋನ್ಯಾ ಹುಟ್ಟಿದ್ದು 1912ರ ಏಪ್ರಿಲ್ 8ರಂದು, ನಾರ್ವೆಯ ರಾಜಧಾನಿಯಲ್ಲಿ. ಈಗ ನಾವು ಓಸ್ಲೊ ಎಂದು ಕರೆಯುವ ಆ ನಗರಕ್ಕೆ 1925ರವರೆಗೆ ಕ್ರಿಸ್ತಿಯಾನಿಯಾ ಎಂಬ ಹೆಸರಿತ್ತು. ತಂದೆ ವಿಲ್ಹೆಲ್ಮ್ ಹೆನಿ ತುಪ್ಪುಳದ ಉಡುಪುಗಳ ವ್ಯಾಪಾರಿ, ಅನುಕೂಲಸ್ಥ. ತಾರುಣ್ಯದಲ್ಲಿ ಸೈಕಲ್ ಓಟದಲ್ಲಿ ವಿಶ್ವ ಪ್ರಶಸ್ತಿ ಗೆದ್ದವನು. ನಾರ್ವೆಯ ಚಳಿಗಾಲದಲ್ಲಿ ಮಕ್ಕಳಿಗೆ ಸ್ಕೇಟು, ಸ್ಕೀಗಳೆಂದರೆ ನಮ್ಮ ಮಕ್ಕಳಿಗೆ ಬುಗುರಿ, ಚಿನ್ನಿದಾಂಡು ಇದ್ದಂತೆ. ಆದರೆ ಸೋನ್ಯಾಳ ವಿಷಯದಲ್ಲಿ ಆಟ ಬೇಗನೆ ಅಭ್ಯಾಸವಾಯಿತು, ಅಭ್ಯಾಸ ಬೇಗನೆ ವ್ರತವಾಯಿತು. ಮಗಳ ಕಾಲಿನಲ್ಲಿ ಏನೋ ಇದೆ ಎಂದು ತಂದೆ ಕಂಡುಕೊಂಡ. ಶಿಕ್ಷಕರನ್ನು ಗೊತ್ತುಮಾಡಿದ, ಬ್ಯಾಲೆ ನೃತ್ಯದ ಪಾಠ ಹೇಳಿಸಿದ. ಹಣಕ್ಕೂ ಉತ್ಸಾಹಕ್ಕೂ ಕೊರತೆಯಿರಲಿಲ್ಲ. 1923ರಲ್ಲಿ ಅವಳು ನಾರ್ವೆಯ ಮಹಿಳಾ ಚಾಂಪಿಯನ್ ಆದಾಗ ವಯಸ್ಸು ಕೇವಲ 10.

ಮರುವರ್ಷ, 1924ರ ಜನವರಿಯ ಕೊನೆಯಲ್ಲಿ, ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ತಪ್ಪಲಿನ ಶಾಮೊನಿ ಎಂಬ ಊರಿನಲ್ಲಿ ಚಳಿಗಾಲದ ಕ್ರೀಡೆಗಳ ಸಪ್ತಾಹ ನಡೆಯಿತು. ಅದಕ್ಕೆ ಮೊದಲ ಚಳಿಗಾಲದ ಒಲಿಂಪಿಕ್ಸ್ ಎಂಬ ಮನ್ನಣೆ ಸಿಕ್ಕಿದ್ದು ಎರಡು ವರ್ಷಗಳ ನಂತರ. ಮಹಿಳೆಯರ ಫಿಗರ್ ಸ್ಕೇಟಿಂಗಿಗೆ ಬಂದವರು ಒಟ್ಟು ಎಂಟು ಮಂದಿ. ಏಳು ಮಂದಿ ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು. ಎಂಟನೆಯವಳು 11 ವರ್ಷದ ಸೋನ್ಯಾ. ಬಯಲಿನ ಮಂಜು, ಸುತ್ತಲೂ ಬೆಟ್ಟ, ಅಪರಿಚಿತ ಭಾಷೆಗಳು. ಅವಳು ತನ್ನ ಕುಣಿತದ ನಡುವೆ ಮುಂದೇನು ಮಾಡಬೇಕೆಂಬುದು ತೋಚದೆ, ಅಂಗಣದ ಅಂಚಿಗೆ ಜಾರಿಕೊಂಡು ಬಂದು ತನ್ನ ಶಿಕ್ಷಕರನ್ನು ಕೇಳಿ ಹೋಗುತ್ತಿದ್ದಳಂತೆ. ಪರೀಕ್ಷೆಯ ಕೊಠಡಿಯಲ್ಲಿ ಎದ್ದು ಬಂದು "ಸಾರ್, ಮೂರನೇ ಪ್ರಶ್ನೆಗೆ ಏನು ಬರೀಬೇಕು?" ಎಂದು ನನ್ನನ್ನೇ ಕೇಳಿದ ಐದನೆಯ ತರಗತಿಯ ಪುಟ್ಟಣ್ಣಗಳು ನನಗೆ ನೆನಪಾಗುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ಎಂಟು ಮಂದಿಯ ಪೈಕಿ ಸೋನ್ಯಾಳದು ಎಂಟನೆಯ ಸ್ಥಾನ. ಮೊದಲ ಸ್ಥಾನ ವಿಯೆನ್ನಾದ ಹೆರ್ಮಾ ಸಾಬೊ ಎಂಬಾಕೆಯದು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹೀಗೆ ಕೊನೆಯವಳಾದ ಹುಡುಗಿ ಮುಂದೆ ಏನು ಮಾಡಿದಳು? ಕೆಲವೇ ವಾರಗಳ ನಂತರ ತನ್ನ ಊರಿನಲ್ಲಿಯೇ ನಡೆದ ವಿಶ್ವ ಸ್ಪರ್ಧೆಯಲ್ಲಿ ಭಾಗವಹಿಸಿ ಐದನೆಯವಳಾದಳು. 1926ರಲ್ಲಿ ಸ್ಟಾಕ್‌ಹೋಮಿನ ವಿಶ್ವ ಸ್ಪರ್ಧೆಯಲ್ಲಿ ಹೆರ್ಮಾ ಸಾಬೊ ಮೊದಲನೆಯವಳು, ಸೋನ್ಯಾ ಎರಡನೆಯವಳು. ಎಂಟು, ಐದು, ಎರಡು. ನಡುವಿನ ಕಾಲವೆಲ್ಲ ಮಂಜಿನ ಮೇಲೆ ಗೆರೆ ಎಳೆಯುವುದರಲ್ಲಿ ಕಳೆದಿತ್ತು. ರಷ್ಯದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವಳ ಆದರ್ಶ. ನಮ್ಮ ರುಕ್ಮಿಣೀದೇವಿ ಅರುಂಡೇಲರನ್ನು ನೃತ್ಯದ ಕಡೆಗೆ ತಿರುಗಿಸಿದ ಅದೇ ಪಾವ್ಲೋವಾ. ಕಸರತ್ತುಗಳ ಸರಣಿಯಂತಿದ್ದ ಸ್ಕೇಟಿಂಗನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ನೃತ್ಯವಾಗಿ ಜೋಡಿಸುವ ಕಲ್ಪನೆ ಸೋನ್ಯಾಳಿಗೆ ಬಂದದ್ದು ಬ್ಯಾಲೆಯ ದಾರಿಯಿಂದ. ಮಗುವಾದ್ದರಿಂದ ಅವಳು ಮೊಳಕಾಲಿನ ಮೇಲಿನ ಗಿಡ್ಡ ಲಂಗ ತೊಡಬಹುದಾಗಿತ್ತು. ಉದ್ದ ಲಂಗದ ಹೆಂಗಸರಿಗೆ ಸಾಧ್ಯವಾಗದ ನೆಗೆತ ಅವಳಿಗೆ ಸುಲಭವಾಯಿತು. ಮುಂದೆ ಆ ಗಿಡ್ಡ ಲಂಗ ಮತ್ತು ಬಿಳಿಯ ಬೂಟು ಎಲ್ಲ ದೇಶಗಳ ಸ್ಕೇಟರುಗಳ ಉಡುಪಾದವು.

ಮೊಮ್ಮಗಳಿಗೆ ಹೇಳಿದ ಕಥೆ ಇಷ್ಟೇ. ಎಂಟನೆಯವಳು ಎರಡನೆಯವಳಾದಳು, ಆಮೇಲೆ ಮೊದಲನೆಯವಳೂ ಆದಳು, ಹತ್ತು ವರ್ಷ ಯಾರಿಗೂ ಆ ಜಾಗ ಬಿಟ್ಟುಕೊಡಲಿಲ್ಲ ಎಂದು ಮುಗಿಸಿದೆ. "ಎರಡರಿಂದ ಒಂದಕ್ಕೆ ಹೇಗೆ ಹೋದಳು ತಾತ?" ಎಂದು ಅವಳು ಕೇಳಿದಳು. "ಚೆನ್ನಾಗಿ ಅಭ್ಯಾಸ ಮಾಡಿ" ಎಂದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಸತ್ಯವೂ ಅಲ್ಲ.

1927ರ ಫೆಬ್ರವರಿಯಲ್ಲಿ ಮಹಿಳೆಯರ ವಿಶ್ವ ಸ್ಪರ್ಧೆ ಮತ್ತೆ ಓಸ್ಲೊದಲ್ಲಿಯೇ ನಡೆಯಿತು. ಸೋನ್ಯಾ ದಿನವೂ ಅಭ್ಯಾಸ ಮಾಡುತ್ತಿದ್ದ ಊರು. ನೋಡಲು ನೆರೆದವರು ಅವಳ ಊರಿನ ಜನ. ಎದುರಾಳಿ ಹೆರ್ಮಾ ಸಾಬೊ 1922ರಿಂದ 1926ರವರೆಗೆ ಸತತವಾಗಿ ಐದು ಸಲ ವಿಶ್ವ ಪ್ರಶಸ್ತಿ ಪಡೆದವಳು. ಸೋನ್ಯಾಳಿಗೆ 14 ವರ್ಷ, ಹೆರ್ಮಾಳಿಗೆ ಇನ್ನು ಕೆಲವು ದಿನಗಳಲ್ಲಿ 25.

ತೀರ್ಪುಗಾರರು ಐವರು. ಆಗಿನ ಪದ್ಧತಿಯಂತೆ ಪ್ರತಿಯೊಬ್ಬ ತೀರ್ಪುಗಾರನೂ ಸ್ಪರ್ಧಿಗಳನ್ನು ತನ್ನ ಲೆಕ್ಕದಲ್ಲಿ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲಿಸುತ್ತಿದ್ದ. ಹೆಚ್ಚು ಮಂದಿ ಯಾರನ್ನು ಮೊದಲ ಸ್ಥಾನದಲ್ಲಿ ನಿಲ್ಲಿಸುತ್ತಾರೆಯೋ ಅವರೇ ವಿಜೇತರು. ಆದುದರಿಂದ ಐವರಲ್ಲಿ ಮೂವರ ಒಪ್ಪಿಗೆ ಸಾಕು. ಆ ಐವರಲ್ಲಿ ಒಬ್ಬ ಆಸ್ಟ್ರಿಯದವನು, ಒಬ್ಬ ಜರ್ಮನಿಯವನು. ಉಳಿದ ಮೂವರೂ ನಾರ್ವೆಯವರು. ಆಸ್ಟ್ರಿಯ ಮತ್ತು ಜರ್ಮನಿಯ ತೀರ್ಪುಗಾರರು ಹೆರ್ಮಾಳಿಗೆ ಮೊದಲ ಸ್ಥಾನ ಕೊಟ್ಟರು. ನಾರ್ವೆಯ ಮೂವರೂ ಸೋನ್ಯಾಳಿಗೆ ಕೊಟ್ಟರು. ಮೂರಕ್ಕೆ ಎರಡು. ಸೋನ್ಯಾ ವಿಶ್ವ ಚಾಂಪಿಯನ್ ಆದಳು.

ಅಂದಿನ ನಿಯಮಗಳ ಪ್ರಕಾರ ಇದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ದೇಶದಿಂದ ಇಷ್ಟೇ ತೀರ್ಪುಗಾರರಿರಬೇಕು ಎಂಬ ಕಟ್ಟುಪಾಡು ಆಗ ಇರಲಿಲ್ಲ. ಆ ಮೂವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಬಹುಶಃ ಅವರ ಕಣ್ಣಿಗೆ ತಮ್ಮ ಹುಡುಗಿಯೇ ನಿಜವಾಗಿ ಮೇಲಾಗಿ ಕಂಡಿರಬಹುದು. ಆಸ್ಟ್ರಿಯದವನ ಕಣ್ಣಿಗೆ ಆಸ್ಟ್ರಿಯದವಳು ಮೇಲಾಗಿ ಕಂಡಿದ್ದೂ ಹಾಗೆಯೇ ಇರಬೇಕು. ನಮ್ಮ ಅಂಗಳದ ಮಗು ನಮಗೆ ಚೆಂದ ಕಾಣುವುದು ಪಾಪವಲ್ಲ. ಆದರೆ ಹಾಗೆ ಕಾಣುತ್ತದೆಂದು ತಿಳಿದಮೇಲೂ ತೀರ್ಪಿನ ಕುರ್ಚಿಯಲ್ಲಿ ಕುಳಿತುಕೊಳ್ಳುವುದು ಬೇರೆ ಮಾತು.

ಇದನ್ನು ಇಷ್ಟು ಖಚಿತವಾಗಿ ಹೇಳಲು ನನಗೆ ಕಾರಣವಿದೆ. 1979ರಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ತಾಲ್ಲೂಕು ಮಟ್ಟದ ಭಾಷಣ ಸ್ಪರ್ಧೆ ನಡೆಯಿತು. ತೀರ್ಪುಗಾರರು ಮೂವರು. ಒಬ್ಬರು ಹೊರಗಿನಿಂದ ಬಂದ ಹಿರಿಯರು. ಇನ್ನಿಬ್ಬರು ನಮ್ಮ ಶಾಲೆಯವರೇ, ಅದರಲ್ಲಿ ನಾನೊಬ್ಬ. ನಮ್ಮ ಶಾಲೆಯ ಹುಡುಗ ನಿರರ್ಗಳವಾಗಿ ಮಾತನಾಡಿದ. ಅವನ ಭಾಷಣವನ್ನು ಬರೆದುಕೊಟ್ಟವನೂ ನಾನೇ, ಎಲ್ಲಿ ದನಿ ಏರಿಸಬೇಕು, ಎಲ್ಲಿ ಕೈ ಎತ್ತಬೇಕು ಎಂದು ತಿದ್ದಿದವನೂ ನಾನೇ. ಅವನ ನಂತರ ಆರು ಮೈಲಿ ದೂರದ ಹಳ್ಳಿಯ ಶಾಲೆಯಿಂದ ಬಂದಿದ್ದ ಒಬ್ಬ ಹುಡುಗಿ ವೇದಿಕೆ ಹತ್ತಿದಳು. ಗ್ರಾಮ ನೈರ್ಮಲ್ಯ ಎಂಬ ವಿಷಯದ ಮೇಲೆ ಅವಳು ತನ್ನ ಊರಿನ ಬಾವಿಯೊಂದರ ಬಗ್ಗೆಯೇ ಮಾತನಾಡಿದಳು. ಅಲ್ಲಲ್ಲಿ ತಡವರಿಸಿದಳು. ಆದರೆ ಆ ಬಾವಿ, ಅದರ ಕಟ್ಟೆ, ಅಲ್ಲಿ ಬಟ್ಟೆ ಒಗೆಯುವವರು, ದನ ತೊಳೆಯುವವರು ಎಲ್ಲರೂ ನನ್ನ ಕಣ್ಣೆದುರಿಗೆ ಬಂದರು. ಇಂದಿಗೂ ಬರುತ್ತಾರೆ. ನಾನು ಬರೆದುಕೊಟ್ಟ ಭಾಷಣದ ಒಂದು ವಾಕ್ಯವೂ ಈಗ ನೆನಪಿನಲ್ಲಿಲ್ಲ.

ಹೊರಗಿನಿಂದ ಬಂದ ಹಿರಿಯರು ಹುಡುಗಿಗೆ ಪ್ರಥಮ ಸ್ಥಾನ ಕೊಟ್ಟರು. ನಾವಿಬ್ಬರೂ ನಮ್ಮ ಹುಡುಗನಿಗೆ ಕೊಟ್ಟೆವು. ಎರಡಕ್ಕೆ ಒಂದು. ಹಿರಿಯರು ನಮ್ಮ ಪಟ್ಟಿಗಳನ್ನು ನೋಡಿ, ತುಟಿ ಎರಡು ಮಾಡದೆ ರುಜು ಹಾಕಿ, ಕಾಫಿ ಕುಡಿಯದೆ ಬಸ್ಸಿಗೆ ಹೊರಟುಹೋದರು. "ಹುಡುಗಿ ತಡವರಿಸಿದಳು" ಎಂಬುದು ನಾನು ನನಗೆ ಹೇಳಿಕೊಂಡ ಸಮಾಧಾನ. ಅದೂ ಸುಳ್ಳಲ್ಲ.

ಓಸ್ಲೊಗೆ ಹಿಂತಿರುಗೋಣ. ಫಲಿತಾಂಶದ ವಿರುದ್ಧ ಟೀಕೆ ಎದ್ದಿತು. ಹೆರ್ಮಾ ಸಾಬೊ ಅದೇ ವರ್ಷ ಲುಡ್‌ವಿಗ್ ವ್ರೆಡೆ ಎಂಬಾತನೊಡನೆ ಜೋಡಿ ವಿಭಾಗದ ವಿಶ್ವ ಪ್ರಶಸ್ತಿಯನ್ನು ಗೆದ್ದಳು. ಆದರೆ ಒಂಟಿ ಸ್ಪರ್ಧೆಯ ವಿಶ್ವ ಕಣಕ್ಕೆ ಆಕೆ ಮರಳಲಿಲ್ಲ. ಐದು ಸಲ ಗೆದ್ದವಳು ಆರನೆಯ ಸಲ ಸೋತು ಅಲ್ಲಿಗೇ ನಿಲ್ಲಿಸಿದಳು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಬಳಿಕ ಒಂದು ನಿಯಮ ಮಾಡಿತು: ಒಂದು ಸ್ಪರ್ಧೆಗೆ ಒಂದು ದೇಶದಿಂದ ಒಬ್ಬನೇ ತೀರ್ಪುಗಾರ.

ಇನ್ನು ಸೋನ್ಯಾಳ ಪಾಡು ಏನು? ಪ್ರಶಸ್ತಿ ಕೈಗೆ ಬಂತು, ಅದರೊಡನೆ ಒಂದು ಸಂಶಯವೂ ಬಂತು. ಆ ಸಂಶಯವನ್ನು ಹುಟ್ಟಿಸಿದವಳು ಅವಳಲ್ಲ. ತೀರ್ಪುಗಾರರನ್ನು ಆರಿಸಿದವಳೂ ಅವಳಲ್ಲ, ನಿಯಮ ಬರೆದವಳೂ ಅಲ್ಲ. 14 ವರ್ಷದ ಹುಡುಗಿ ತನಗೆ ಕಲಿಸಿದ್ದನ್ನು ಮಂಜಿನ ಮೇಲೆ ಮಾಡಿದಳು, ಅಷ್ಟೇ. ಆದರೆ ಆ ಗೆಲುವು ನಿಜವಾದದ್ದೇ ಎಂದು ಸಾಬೀತುಪಡಿಸುವ ಹೊಣೆ ಮಾತ್ರ ಅವಳ ಮೇಲೆಯೇ ಬಿತ್ತು.

ಅವಳು ಅದನ್ನು ಮರುವರ್ಷವೇ ಮಾಡಿದಳು. 1928ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ ಎರಡನೆಯ ಚಳಿಗಾಲದ ಒಲಿಂಪಿಕ್ಸ್ ನಡೆದಾಗ, ತೀರ್ಪುಗಾರರು ಏಳು ಮಂದಿ, ಏಳು ದೇಶಗಳವರು. ಅವರಲ್ಲಿ ಆರು ಮಂದಿ ಸೋನ್ಯಾಳನ್ನು ಮೊದಲ ಸ್ಥಾನದಲ್ಲಿ ನಿಲ್ಲಿಸಿದರು. ಏಳನೆಯವನು ಎರಡನೆಯ ಸ್ಥಾನದಲ್ಲಿ. 15ನೆಯ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ. ಅಷ್ಟು ಕಿರಿಯ ವಯಸ್ಸಿನಲ್ಲಿ ಈ ಸ್ಪರ್ಧೆಯ ಚಿನ್ನ ಗೆದ್ದವಳೆಂಬ ಅವಳ ದಾಖಲೆ 1998ರಲ್ಲಿ ಅಮೆರಿಕದ ತಾರಾ ಲಿಪಿನ್‌ಸ್ಕಿ ಬರುವವರೆಗೆ, ಎಂದರೆ 70 ವರ್ಷ, ಉಳಿಯಿತು. 1932 ಮತ್ತು 1936ರ ಒಲಿಂಪಿಕ್ಸ್‌ಗಳಲ್ಲಿಯೂ ಅವಳೇ ಗೆದ್ದಳು. 1927ರಿಂದ 1936ರವರೆಗೆ ಹತ್ತು ವಿಶ್ವ ಪ್ರಶಸ್ತಿಗಳು. ಸೇಂಟ್ ಮೊರಿಟ್ಸ್‌ನ ನಂತರ ಅವಳ ಸಾಮರ್ಥ್ಯವನ್ನು ಶಂಕಿಸುವವರು ಉಳಿಯಲಿಲ್ಲ. ಆದರೆ ಹತ್ತರ ಆ ಪಟ್ಟಿಯ ಮೊದಲನೆಯದರ ಪಕ್ಕದಲ್ಲಿ, ಇತಿಹಾಸ ಬರೆಯುವವರು ಇಂದಿಗೂ "ಐವರಲ್ಲಿ ಮೂವರು ನಾರ್ವೆಯವರು" ಎಂದು ಬರೆಯುತ್ತಾರೆ. ಶಾಮೊನಿಯ ಎಂಟನೆಯ ಸ್ಥಾನ ಅವಳಿಗೆ ಕೇಡು ಮಾಡಲಿಲ್ಲ. ಈಗ ಅದನ್ನು ಎಲ್ಲರೂ ಪ್ರೀತಿಯಿಂದ ಹೇಳುತ್ತಾರೆ. ಕಲೆ ಉಳಿದದ್ದು ಮೊದಲನೆಯ ಸ್ಥಾನದ ಮೇಲೆ.

ಅವಳ ಮುಂದಿನ ಬದುಕನ್ನು ಇಲ್ಲಿ ವಿಸ್ತರಿಸುವುದಿಲ್ಲ. 1936ರ ನಂತರ ಹಾಲಿವುಡ್ಡಿಗೆ ಹೋಗಿ ಚಿತ್ರತಾರೆಯಾದಳು, ಅಪಾರ ಹಣ ಗಳಿಸಿದಳು. ಅದೇ 1936ರಲ್ಲಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಹಿಟ್ಲರನಿಗೆ ನಾಜಿ ವಂದನೆ ಸಲ್ಲಿಸಿದ್ದಕ್ಕೆ ಸ್ವದೇಶದಲ್ಲಿ ಕಟುವಾದ ಟೀಕೆಗೆ ಗುರಿಯಾದಳು. ಅದು ಅವಳೇ ಮಾಡಿದ ತಪ್ಪು, 23 ವರ್ಷದ ಹೆಣ್ಣಿನ ತಪ್ಪು. ಅದನ್ನು ಹಿರಿಯರ ಲೆಕ್ಕಕ್ಕೆ ಬರೆಯಲಾಗದು. 1969ರಲ್ಲಿ, 57ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದವಳು ಪ್ಯಾರಿಸಿನಿಂದ ಓಸ್ಲೊಗೆ ಹೊರಟ ವಿಮಾನದಲ್ಲಿಯೇ ತೀರಿಕೊಂಡಳು.

ಆಟದ ನಿಯಮಗಳ ಪುಸ್ತಕವನ್ನು ಇತಿಹಾಸದ ಮೇಷ್ಟ್ರಾಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಅದರಲ್ಲಿನ ಎಷ್ಟೋ ಸಾಲುಗಳು ಯಾರಿಗೋ ಅನ್ಯಾಯವಾದ ಮೇಲೆ ಬರೆದವು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ತೀರ್ಪುಗಾರರು ಬೇರೆ ಬೇರೆ ದೇಶದವರೇ ಆಗಿದ್ದರೂ ಜೋಡಿ ವಿಭಾಗದಲ್ಲಿ ಮತಗಳ ಹೊಂದಾಣಿಕೆಯ ಹಗರಣ ಎದ್ದು, ಎರಡು ಜೋಡಿಗಳಿಗೆ ಚಿನ್ನ ಕೊಡಬೇಕಾಯಿತು; ಅದಾದ ಮೇಲೆ ಅಂಕ ಕೊಡುವ ಕ್ರಮವನ್ನೇ ಬದಲಿಸಿದರು. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯದ 15 ವರ್ಷದ ಕಮಿಲಾ ವಲಿಯೆವಾ ಉದ್ದೀಪನ ಮದ್ದಿನ ವಿವಾದದ ಸುಳಿಗೆ ಸಿಕ್ಕಿ, ಜಗತ್ತೆಲ್ಲ ನೋಡುತ್ತಿರುವಾಗ ಮಂಜಿನ ಮೇಲೆ ಮತ್ತೆ ಮತ್ತೆ ಬಿದ್ದಳು. ಆ ವರ್ಷದ ಜೂನ್‌ನಲ್ಲಿ ಒಕ್ಕೂಟವು ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ ಹಂತಹಂತವಾಗಿ 17ಕ್ಕೆ ಏರಿಸಲು ತೀರ್ಮಾನಿಸಿತು. ಈ ನಿಯಮ ಅಂದೇ ಇದ್ದಿದ್ದರೆ 11ರ ಸೋನ್ಯಾ ಶಾಮೊನಿಗೆ ಹೋಗುತ್ತಿರಲಿಲ್ಲ, 14ರ ಸೋನ್ಯಾ ಓಸ್ಲೊದಲ್ಲಿ ಗೆಲ್ಲುತ್ತಿರಲಿಲ್ಲ, 15ರ ಸೋನ್ಯಾಳಿಗೆ ಸೇಂಟ್ ಮೊರಿಟ್ಸ್‌ನ ಚಿನ್ನವೂ ಇರುತ್ತಿರಲಿಲ್ಲ. ಹೀಗಾಗಿದ್ದರೆ ಒಳ್ಳೆಯದಿತ್ತೇ, ಕೆಟ್ಟದಿತ್ತೇ ಎಂದು ನನ್ನನ್ನು ಕೇಳಿದರೆ ಉತ್ತರ ಸುಲಭವಲ್ಲ.

1979ರ ಆ ಸ್ಪರ್ಧೆಯ ನಂತರ, ನಾನು ಸಂಘಟಕನಾಗಿದ್ದ ಯಾವ ಸ್ಪರ್ಧೆಯಲ್ಲಿಯೂ ಆತಿಥೇಯ ಶಾಲೆಯ ಶಿಕ್ಷಕರನ್ನು ತೀರ್ಪಿಗೆ ಕೂರಿಸಲಿಲ್ಲ. ಇದಕ್ಕಾಗಿ ಸಹೋದ್ಯೋಗಿಗಳ ಬೇಸರವನ್ನೂ ಕಟ್ಟಿಕೊಂಡೆ. ಕಾರಣವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನನ್ನ ನಿಯಮವೂ ಅನ್ಯಾಯವಾದ ಮೇಲೆ ಬರೆದದ್ದೇ.

ಅಂದು ಬಹುಮಾನ ಪಡೆದ ಹುಡುಗ ಈಗ ಅರುವತ್ತರ ಆಸುಪಾಸಿನವನು. ಈ ಪುಟಗಳನ್ನು ತಪ್ಪದೆ ಓದುವವನು. ಅವನ ಒಪ್ಪಿಗೆಯಿಲ್ಲದೆ ಇದನ್ನು ಬರೆಯುವುದು ಸರಿಯಲ್ಲವೆಂದು ಹೋದ ವಾರ ಫೋನು ಮಾಡಿದೆ. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾರ್, ನನಗೆ ಅವತ್ತೇ ಗೊತ್ತಿತ್ತು. ಆ ಹುಡುಗಿ ಮಾತಾಡುವಾಗ ನಾನೂ ಕೇಳ್ತಾ ಇದ್ದೆನಲ್ಲ" ಎಂದ. ಬಹುಮಾನವಾಗಿ ಬಂದಿದ್ದ ಪುಸ್ತಕವನ್ನು ಅವನು ಯಾರಿಗೂ ತೋರಿಸಿರಲಿಲ್ಲವಂತೆ. ನನ್ನ ಮನಸ್ಸಿಗೆ ನೋವಾದೀತೆಂದು ನಲವತ್ತಾರು ವರ್ಷ ಈ ಮಾತನ್ನು ಎತ್ತಿರಲಿಲ್ಲವಂತೆ. ಹುಡುಗಿಗೆ ಅನ್ಯಾಯ ಮಾಡಿದೆನೆಂದು ಮಾತ್ರ ನಾನು ಇಷ್ಟು ಕಾಲ ಎಣಿಸಿದ್ದೆ. ಗೆದ್ದವನ ಹೆಗಲ ಮೇಲೂ ಒಂದು ಭಾರ ಹೊರಿಸಿದ್ದೆನೆಂಬುದು ಅಂದು ತಿಳಿಯಿತು.

ಆ ಹುಡುಗಿ ಈಗ ಎಲ್ಲಿರುವಳೋ ತಿಳಿಯದು. ಬಾವಿಯ ಬಗ್ಗೆ ಮಾತನಾಡಿದ ಹೆಣ್ಣುಮಗಳೊಬ್ಬಳ ಕಥೆಯನ್ನು ನಿಮ್ಮಲ್ಲಿ ಯಾರಾದರೂ ನಿಮ್ಮ ತಾಯಿಯ ಬಾಯಲ್ಲಿಯೋ ಅತ್ತಿಗೆಯ ಬಾಯಲ್ಲಿಯೋ ಕೇಳಿದ್ದರೆ, ಪ್ರಥಮ ಬಹುಮಾನ ಅವಳದೇ ಆಗಿತ್ತು ಎಂದು ಮೇಷ್ಟ್ರು ಬರೆದಿದ್ದಾರೆಂದು ದಯವಿಟ್ಟು ತಿಳಿಸಿರಿ.

ಮೊಮ್ಮಗಳು ಜನವರಿಯಿಂದ ಮತ್ತೆ ಸ್ಕೇಟಿಂಗಿಗೆ ಹೋಗುತ್ತಿದ್ದಾಳೆಂದು ಮಗಳು ಹೇಳಿದಳು. ಮೊನ್ನೆಯ ಸ್ಪರ್ಧೆಯಲ್ಲಿ ಅವಳು ಏಳನೆಯವಳು. ಫೋನಿನಲ್ಲಿ ನನಗೆ ಅದನ್ನು ಅವಳೇ ಹೇಳಿದಳು, ಮೊದಲ ವಾಕ್ಯದಲ್ಲಿಯೇ.